ಕ್ರಾಪ್ ಕ್ಯಾಮೆರಾಗೆ ಕಮ್ಮಿ ಬೆಲೆಯ ವೈಡ್ ಲೆನ್ಸ್: ಯಾವ್ದು ತಗೋಬೇಕು, ಏನೇನು ನೋಡಿ ತಗೋಬೇಕು

ನಮ್ಮ ದೊಡ್ಡಮ್ಮನ ಮನೆ ಸಾಗರದ ಹತ್ರ, ಹಳೇ ತೊಟ್ಟಿಮನೆ. ಅದನ್ನ ಬಿಚ್ಚಿ ಹೊಸದು ಕಟ್ಟಿಸ್ತೀವಿ ಅಂತ ಅಣ್ಣ ಫೋನ್ ಮಾಡಿದ ದಿನ ನಾನು ಮಾಡಿದ ಮೊದಲ ಕೆಲ್ಸ ಅಂದ್ರೆ ಕ್ಯಾಮೆರಾ ಬ್ಯಾಟರಿ ಚಾರ್ಜಿಗೆ ಹಾಕಿದ್ದು. ಹೋಗಿ ನೋಡಿದ್ರೆ ಒಳ ಅಂಗಳದ ಮೂಲೇಲಿ ಗೋಡೆಗೆ ಬೆನ್ನು ಹಚ್ಚಿ ನಿಂತು ಕ್ಯಾಮೆರಾ ಜೊತೆ ಬಂದ ಕಿಟ್ ಲೆನ್ಸನ್ನ 18 ಎಂಎಂಗೆ (ಅದರ ಅತಿ ಅಗಲದ ತುದಿಗೆ) ತಿರುಗಿಸಿದ್ರೂ ಫ್ರೇಮಿಗೆ ಬರ್ತಿದ್ದಿದ್ದು ಎರಡು ಕಂಬ ಮತ್ತೆ ಅರ್ಧ ಮಾಡು ಅಷ್ಟೇ, ಇನ್ನೂ ಹಿಂದೆ ಹೋಗೋಣ ಅಂದ್ರೆ ಹಿಂದೆ ಗೋಡೆ. ಎರಡನೇ ಸಲ ಹೋಗುವಾಗ ಗೆಳೆಯನ ಹತ್ರ ಇದ್ದ 10-18 ಲೆನ್ಸ್ ಇಸ್ಕೊಂಡು ಹೋದೆ. ಅದೇ ಮೂಲೆ, ಅದೇ ಗೋಡೆ, ಈ ಸಲ ನಾಲ್ಕೂ ಕಂಬ ಬಂತು, ಮೇಲೆ ಹೆಂಚಿನ ಅಂಚಿನ ಮಧ್ಯೆ ಚೌಕ ಆಕಾಶ ಬಂತು, ಕೆಳಗೆ ಪಾಚಿ ಹಿಡಿದ ಕಲ್ಲು, ಆ ಕಡೆ ಜಗುಲಿ ಮೇಲೆ ದೊಡ್ಡಮ್ಮ ಅಡಿಕೆ ಸುಲೀತಾ ಕೂತಿದ್ದು, ಎಲ್ಲಾ ಒಂದೇ ಫೋಟೋದಲ್ಲಿ. ಆ ಮನೆ ಈಗಿಲ್ಲ, ಆ ಫೋಟೋನ ದೊಡ್ಡದಾಗಿ ಪ್ರಿಂಟ್ ಹಾಕಿಸಿ ಹೊಸ ಮನೆ ಹಾಲಲ್ಲಿ ಹಾಕಿದಾರೆ. ಊರಿಂದ ವಾಪಸ್ ಬಂದ ವಾರದಲ್ಲೇ ನಾನೂ ಅದೇ ಲೆನ್ಸ್ ತಗೊಂಡೆ. ತಗೊಳ್ಳೋಕೆ ಮುಂಚೆ ಏನೇನು ಯೋಚನೆ ಮಾಡಿದೆ, ತಗೊಂಡ ಮೇಲೆ ಏನು ಕಲ್ತೆ ಅನ್ನೋದನ್ನ ಬರೀತಿದೀನಿ, ಕ್ಯಾನನ್ 1500ಡಿ, 200ಡಿ, ನಿಕಾನ್ ಡಿ3500, ಡಿ5600 ಈ ಥರದ ಕ್ರಾಪ್ ಕ್ಯಾಮೆರಾ (ಫುಲ್ ಫ್ರೇಮಿಗಿಂತ, ಅಂದ್ರೆ ಹಳೇ ಫಿಲಂ ಅಳತೆಗಿಂತ, ಚಿಕ್ಕ ಸೆನ್ಸರ್ ಇರೋದು) ಜೊತೆ 18-55 ಕಿಟ್ ಲೆನ್ಸ್ ಇಟ್ಕೊಂಡು ಮುಂದೇನು ಅಂತ ಯೋಚಿಸ್ತಿರೋರಿಗೆ ಇದು ಉಪಯೋಗ ಆಗುತ್ತೆ.

ಮೊದಲು ಆ 10 ಮತ್ತೆ 18ರ ಲೆಕ್ಕ. ಎಂಟು ಎಂಎಂ ವ್ಯತ್ಯಾಸ ತಾನೆ, ಅದಕ್ಕೆ ಯಾಕೆ ಇಷ್ಟು ದುಡ್ಡು ಅಂತ ಸುಮಾರು ಜನ ಕೇಳ್ತಾರೆ. ಟೆಲಿ ಲೆನ್ಸಲ್ಲಿ 200ಕ್ಕೂ 208ಕ್ಕೂ ವ್ಯತ್ಯಾಸ ಗೊತ್ತೇ ಆಗಲ್ಲ ನಿಜ, ಆದ್ರೆ ಈ ಕಡೆ ತುದೀಲಿ ಒಂದೊಂದು ಎಂಎಂಗೂ ಬೆಲೆ ಇದೆ. ಕ್ಯಾನನ್ ಕ್ರಾಪ್ ಸೆನ್ಸರಿನ ಅಗಲ 22.3 ಎಂಎಂ. ನೀವು ಒಂದು ಗೋಡೆಯಿಂದ 10 ಅಡಿ ದೂರದಲ್ಲಿ ನಿಂತ್ರೆ 18 ಎಂಎಂನಲ್ಲಿ ಆ ಗೋಡೆಯ ಸುಮಾರು 12 ಅಡಿ ಅಗಲ ಫ್ರೇಮಿಗೆ ಬರುತ್ತೆ, ಅಲ್ಲೇ ನಿಂತು 10 ಎಂಎಂ ಮಾಡಿದ್ರೆ 22 ಅಡಿ ಬರುತ್ತೆ. ಹತ್ತತ್ರ ಎರಡು ಪಟ್ಟು. ನಿಕಾನ್, ಸೋನಿ, ಫ್ಯೂಜಿ ಕ್ರಾಪ್ ಸೆನ್ಸರ್ ಸ್ವಲ್ಪ ಅಗಲ ಜಾಸ್ತಿ ಇರೋದ್ರಿಂದ ಇನ್ನೊಂದು ಅಡಿ ಸೇರಿಸ್ಕೊಳ್ಳಿ. ಫುಲ್ ಫ್ರೇಮ್ ಲೆಕ್ಕದಲ್ಲಿ ಹೇಳೋದಾದ್ರೆ ಕ್ಯಾನನ್‌ಗೆ 1.6ರಿಂದ, ಉಳಿದವಕ್ಕೆ 1.5ರಿಂದ ಗುಣಿಸ್ಬೇಕು, ಅಂದ್ರೆ ಕ್ಯಾನನ್‌ನಲ್ಲಿ 10 ಎಂಎಂ ಅನ್ನೋದು ಫುಲ್ ಫ್ರೇಮಿನ 16 ಇದ್ದಂಗೆ, ನಿಕಾನ್‌ನಲ್ಲಿ 15 ಇದ್ದಂಗೆ. ಇದು ಗೊತ್ತಿಲ್ಲದೆ ಫುಲ್ ಫ್ರೇಮಿನವರು ಹೊಗಳಿದ 16-35 ಅಥವಾ 17-40 ಲೆನ್ಸನ್ನ ಸಾಲ ಮಾಡಿ ತಗೊಂಡು ಕ್ರಾಪ್ ಕ್ಯಾಮೆರಾಗೆ ಹಾಕಿದ್ರೆ ಕಿಟ್ ಲೆನ್ಸಿಗಿಂತ ಸ್ವಲ್ಪ ಅಗಲ ಬರುತ್ತೆ ಅಷ್ಟೇ. ನಿಮಗೆ ಬೇಕಾಗಿರೋದು 10 ಅಥವಾ 11ರಿಂದ ಶುರುವಾಗೋ, ಕ್ರಾಪ್ ಸೆನ್ಸರಿಗೆ ಅಂತಾನೇ ಮಾಡಿರೋ ಲೆನ್ಸ್.

ದುಡ್ಡು ಹಾಕೋಕೆ ಮುಂಚೆ ನಿಜವಾಗ್ಲೂ ಬೇಕಾ ಅಂತ ನೋಡ್ಕೊಳ್ಳಿ, ಇದಕ್ಕೆ ಒಂದು ಭಾನುವಾರ ಸಾಕು. ಕಂಪ್ಯೂಟರಲ್ಲಿ ನಿಮ್ಮ ಕಳೆದ ಒಂದು ವರ್ಷದ ಫೋಟೋ ತೆಗೆದು ಪ್ರತಿ ಫೋಟೋದ ಫೋಕಲ್ ಲೆಂತ್ (ಆ ಎಂಎಂ ನಂಬರ್) ನೋಡಿ, ಅದು ಫೈಲ್ ಡೀಟೇಲ್ಸಲ್ಲೇ ಇರುತ್ತೆ. ಅರ್ಧಕ್ಕರ್ಧ ಫೋಟೋ 18ರಲ್ಲೇ ಇದ್ರೆ, ಅದರಲ್ಲೂ ಇನ್ನೂ ಸ್ವಲ್ಪ ಬರಬೇಕಿತ್ತು ಅನಿಸಿದವು ಜಾಸ್ತಿ ಇದ್ರೆ, ಆಗ ಮುಂದೆ ಓದಿ. ಎಲ್ಲಾ 55ರಲ್ಲೇ ಇದ್ರೆ ನಿಮಗೆ ಬೇಕಾಗಿರೋದು ಬೇರೆ ಲೆನ್ಸ್, ಆ ದುಡ್ಡಲ್ಲಿ ಒಂದು 50 ಎಂಎಂ ಎಫ್ 1.8 (ಎಫ್ ನಂಬರ್ ಕಮ್ಮಿ ಇದ್ದಷ್ಟೂ ಜಾಸ್ತಿ ಬೆಳಕು ಒಳಗೆ ಬರುತ್ತೆ) ತಗೊಂಡು ಮಿಕ್ಕಿದ್ದು ಉಳಿಸ್ಬೋದು. ಇನ್ನೊಂದು ಸುಲಭದ ದಾರಿ ನಿಮ್ಮ ಜೇಬಲ್ಲೇ ಇದೆ, ಈಗಿನ ಸುಮಾರು ಫೋನ್‌ಗಳಲ್ಲಿ 0.5 ಅಂತ ಒಂದು ಬಟನ್ ಇರುತ್ತಲ್ಲ, ಉದಾಹರಣೆಗೆ ಐಫೋನ್ 11ರಲ್ಲಿ ಅದು ಫುಲ್ ಫ್ರೇಮಿನ 13 ಎಂಎಂ ಹತ್ರ ಕಾಣೋಷ್ಟು ಅಗಲ, ಕ್ರಾಪ್ ಕ್ಯಾಮೆರಾದ 10 ಎಂಎಂಗಿಂತ ಸ್ವಲ್ಪ ಜಾಸ್ತಿನೇ. ಒಂದು ವಾರ ಹೋದಲ್ಲೆಲ್ಲಾ ಅದನ್ನ ಒತ್ತಿ ನೋಡಿ. ಆ ನೋಟ ನಿಮಗೆ ಇಷ್ಟ ಆಗ್ತಿದ್ಯಾ, ಅದರಲ್ಲಿ ಫೋಟೋ ಕಟ್ಟೋಕೆ ಬರ್ತಿದ್ಯಾ ಅನ್ನೋದು ತಿಳಿಯುತ್ತೆ.

ದುಡ್ಡೇ ಇಲ್ಲ ಅಂದ್ರೂ ಕೆಲ್ಸ ನಿಲ್ಲಬೇಕಿಲ್ಲ. ಕಿಟ್ ಲೆನ್ಸನ್ನ 18ಕ್ಕೆ ಇಟ್ಟು, ಕ್ಯಾಮೆರಾನ ಉದ್ದುದ್ದ ಹಿಡ್ಕೊಂಡು, ಮ್ಯಾನುಯಲ್ ಮೋಡಲ್ಲಿ ಎಕ್ಸ್‌ಪೋಶರ್ ಲಾಕ್ ಮಾಡಿ, ಫೋಕಸ್ಸೂ ಮ್ಯಾನುಯಲ್ ಮಾಡಿ, ಎಡದಿಂದ ಬಲಕ್ಕೆ ಐದಾರು ಫೋಟೋ ತೆಗೀರಿ, ಪ್ರತಿ ಫೋಟೋದ ಮೂರನೇ ಒಂದು ಭಾಗ ಹಿಂದಿನ ಫೋಟೋ ಮೇಲೆ ಕೂರಬೇಕು. ಹ್ಯೂಗಿನ್ ಅನ್ನೋ ಫ್ರೀ ಸಾಫ್ಟ್‌ವೇರಲ್ಲಿ ಹಾಕಿದ್ರೆ ಅದೇ ಹೊಲೀತಾ ಹೋಗುತ್ತೆ. ಬೆಟ್ಟ, ಕೆರೆ, ಬಯಲು ಇಂಥವಕ್ಕೆ ಇದು ಚೆನ್ನಾಗಿ ಆಗುತ್ತೆ. ಮನೆ ಒಳಗೆ ಹತ್ತಿರ ಹತ್ತಿರ ಕಂಬ ಬಾಗಿಲು ಇರೋ ಕಡೆ ಹೊಲಿಗೆ ಬಿಡುತ್ತೆ, ಯಾಕಂದ್ರೆ ಕ್ಯಾಮೆರಾ ತಿರುಗಿಸಿದಾಗ ಹತ್ತಿರದ ವಸ್ತು ಜಾಗ ಬದಲಿಸಿದಂಗೆ ಕಾಣುತ್ತೆ. ದೊಡ್ಡಮ್ಮನ ಮನೇಲಿ ನಾನು ಮೊದಲ ಸಲ ಇದನ್ನೇ ಮಾಡಿದ್ದೆ, ಒಂದು ಕಂಬ ಎರಡಾಗಿ ಬಂದಿತ್ತು.

ಈಗ ಅಸಲಿ ವಿಷ್ಯಕ್ಕೆ ಬರ್ತೀನಿ. ವೈಡ್ ಲೆನ್ಸ್ ಹುಡುಕೋಕೆ ಹೊರಟ್ರೆ ಎಲ್ರೂ ಹೇಳೋದು ಎಫ್ 2.8 ತಗೋ, ಅದು ಪ್ರೊಫೆಷನಲ್ಲು ಅಂತ. ಟೋಕಿನಾ 11-16 ಎಫ್ 2.8 ಬಗ್ಗೆ ಎಲ್ಲಾ ಕಡೆ ಹೊಗಳಿಕೆ ಇದೆ, ಅದು ಒಳ್ಳೇ ಲೆನ್ಸೇ. ಆದ್ರೆ ಕಮ್ಮಿ ಬಜೆಟ್ಟಲ್ಲಿ ಇರೋರಿಗೆ ನನ್ನ ಅಭಿಪ್ರಾಯ ಉಲ್ಟಾ, ಎಫ್ 4.5 ಇರೋ ಅಗ್ಗದ, ಹಗುರ, ಸ್ಟೆಬಿಲೈಸೇಶನ್ (ಕೈ ನಡುಕ ತಡೆಯೋದು) ಇರೋ ಲೆನ್ಸೇ ಜಾಸ್ತಿ ಜನಕ್ಕೆ ಜಾಸ್ತಿ ಕೆಲ್ಸಕ್ಕೆ ಬರೋದು. ಯಾಕೆ ಅಂತ ಲೆಕ್ಕ ಹಾಕಿ ನೋಡೋಣ.

ಎಫ್ 4.5ಗೆ ಹೋಲಿಸಿದ್ರೆ 2.8ರಲ್ಲಿ ಎರಡೂವರೆ ಪಟ್ಟು ಬೆಳಕು ಬರುತ್ತೆ, ಸ್ಟಾಪ್ ಲೆಕ್ಕದಲ್ಲಿ (ಒಂದು ಸ್ಟಾಪ್ ಅಂದ್ರೆ ಬೆಳಕು ಎರಡು ಪಟ್ಟು) ಒಂದೂ ಕಾಲಿಂದ ಒಂದೂವರೆ ಸ್ಟಾಪ್. ಸ್ಟೆಬಿಲೈಸೇಶನ್ ಅಂದ್ರೆ ಕ್ಯಾನನ್ ಐಎಸ್ ಅಂತ ಕರೆಯೋದು, ನಿಕಾನ್ ವಿಆರ್ ಅಂತ ಕರೆಯೋದು, ಅದು ಕ್ಯಾನನ್ 10-18ರಲ್ಲಿ ನಾಲ್ಕು ಸ್ಟಾಪ್ ಅಂತ ಕಂಪನಿ ಹೇಳುತ್ತೆ, ಮೂರು ಅಂತ ಇಟ್ಕೊಂಡ್ರೂ 2.8ರ ಲಾಭಕ್ಕಿಂತ ಎರಡು ಪಟ್ಟು. ಈಗ ಒಂದು ಹಳೇ ದೇವಸ್ಥಾನದ ನವರಂಗಕ್ಕೆ ಹೋಗಿದೀರಿ ಅಂದ್ಕೊಳ್ಳಿ, ಬೇಲೂರೋ ಸೋಮನಾಥಪುರಾನೋ. ಒಳಗೆ ಕತ್ತಲೆ, ಬಾಗಿಲಿಂದ ಬರೋ ಬೆಳಕು ಮಾತ್ರ. ಎಎಸ್ಐ (ಕೇಂದ್ರದ ಪುರಾತತ್ವ ಇಲಾಖೆ) ನೋಡ್ಕೊಳ್ಳೋ ಸ್ಮಾರಕಗಳಲ್ಲಿ ಅನುಮತಿ ಇಲ್ದೆ ಟ್ರೈಪಾಡ್ ಹಾಕೋ ಹಂಗಿಲ್ಲ, ಸೋ ಕೈಯಲ್ಲೇ ಹಿಡೀಬೇಕು. 2.8 ಲೆನ್ಸಲ್ಲಿ ಐಎಸ್ಒ (ಸೆನ್ಸರ್ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನೋದು, ಜಾಸ್ತಿ ಮಾಡಿದಷ್ಟೂ ಫೋಟೋದಲ್ಲಿ ಕಾಳು ಕಾಳು ಕಾಣುತ್ತೆ) 1600 ಇಟ್ರೆ ಶಟರ್ 1/20 ಸೆಕೆಂಡ್ ಬಂತು ಅಂತ ಇಟ್ಕೊಳ್ಳಿ, ಸರಿ, ಅದು ಕೈಯಲ್ಲಿ ನಿಲ್ಲುತ್ತೆ. ಅದೇ ಬೆಳಕಲ್ಲಿ 4.5 ಲೆನ್ಸಿಗೆ 1/8 ಬೇಕು, ಆದ್ರೆ ಸ್ಟೆಬಿಲೈಸೇಶನ್ ಇರೋದ್ರಿಂದ ನಾನು ಅಷ್ಟಕ್ಕೇ ನಿಲ್ಲಲ್ಲ, ಭುಜನ ಕಂಬಕ್ಕೆ ಒರಗಿಸಿ ಉಸಿರು ಬಿಟ್ಟು ಅರ್ಧ ಸೆಕೆಂಡ್ ಹಿಡೀತೀನಿ, ಆಗ ಐಎಸ್ಒ 400ಕ್ಕೆ ಇಳಿಯುತ್ತೆ, ಫೋಟೋ ಕ್ಲೀನಾಗಿ ಬರುತ್ತೆ. ಕಂಬ ಎಲ್ಲೂ ಓಡಿಹೋಗಲ್ಲ, ಅರ್ಧ ಸೆಕೆಂಡ್ ಏನು ಎರಡು ಸೆಕೆಂಡ್ ಆದ್ರೂ ಅದು ಅಲ್ಲೇ ಇರುತ್ತೆ. ಐದಾರು ಫೋಟೋ ತೆಗೆದ್ರೆ ಎರಡಾದ್ರೂ ಶಾರ್ಪ್ ಬರುತ್ತೆ.

ಬೆಟ್ಟಗುಡ್ಡ, ಸೂರ್ಯಾಸ್ತ, ಕಟ್ಟಡ ಇವಕ್ಕಂತೂ ಎಫ್ 8ರಲ್ಲೇ ತೆಗೆಯೋದು, ಅಲ್ಲಿ 2.8 ಇದ್ರೂ ಇಲ್ದಿದ್ರೂ ಒಂದೇ. 10 ಎಂಎಂ, ಎಫ್ 8ರಲ್ಲಿ ಎರಡೂಕಾಲು ಅಡಿ ದೂರಕ್ಕೆ ಫೋಕಸ್ ಇಟ್ರೆ ಹತ್ತತ್ರ ಒಂದೂಕಾಲು ಅಡಿಯಿಂದ ಹಿಡ್ದು ದಿಗಂತದ ತನಕ ಎಲ್ಲಾ ಶಾರ್ಪ್ ಇರುತ್ತೆ. ಹಿನ್ನೆಲೆ ಮಸುಕು ಮಾಡೋಣ ಅಂದ್ರೆ ಈ ಫೋಕಲ್ ಲೆಂತಲ್ಲಿ 2.8 ಇದ್ರೂ ಹೆಚ್ಚೇನೂ ಮಸುಕಾಗಲ್ಲ.

2.8 ನಿಜವಾಗ್ಲೂ ಬೇಕಾಗೋದು ಎರಡು ಕಡೆ. ಒಂದು, ನಕ್ಷತ್ರ, ಆಕಾಶಗಂಗೆ ತೆಗೆಯೋರಿಗೆ. ಅಲ್ಲಿ ಟ್ರೈಪಾಡ್ ಇರುತ್ತೆ, ಸ್ಟೆಬಿಲೈಸೇಶನ್ ಆಫ್ ಮಾಡಿರ್ತೀರಿ, ಭೂಮಿ ತಿರುಗೋದ್ರಿಂದ 20-25 ಸೆಕೆಂಡಿಗಿಂತ ಜಾಸ್ತಿ ಶಟರ್ ತೆರೆದಿಟ್ರೆ ನಕ್ಷತ್ರ ಗೆರೆ ಎಳೆಯೋಕೆ ಶುರು ಮಾಡುತ್ತೆ, ಹಂಗಾಗಿ ಬೆಳಕು ಲೆನ್ಸಿಂದಾನೇ ಬರ್ಬೇಕು. ಎರಡು, ಮದುವೆ, ಯಕ್ಷಗಾನದ ಚೌಕಿ, ರಾತ್ರಿ ತೇರು, ಹಿಂಗೆ ಕಮ್ಮಿ ಬೆಳಕಲ್ಲಿ ಓಡಾಡೋ ಜನ. ಸ್ಟೆಬಿಲೈಸೇಶನ್ ನಿಮ್ಮ ಕೈ ನಡುಕ ನಿಲ್ಲಿಸುತ್ತೆ, ಎದುರಿಗಿರೋರ ಓಡಾಟ ನಿಲ್ಲಿಸಲ್ಲ. ಈ ಎರಡರಲ್ಲಿ ಒಂದು ನಿಮ್ಮ ಮುಖ್ಯ ಕೆಲ್ಸ ಆಗಿದ್ರೆ ಟೋಕಿನಾ ಕಡೆ ಹೋಗಿ, ವರ್ಷಕ್ಕೊಂದು ಸಲ ಆಸೆಗೆ ಅಂದ್ರೆ ಆ ಒಂದು ರಾತ್ರಿಗೆ ಬಾಡಿಗೆ ತನ್ನಿ.

ಕ್ಯಾನನ್ ಡಿಎಸ್ಎಲ್ಆರ್ ಇರೋರಿಗೆ ಜಾಸ್ತಿ ಯೋಚನೆ ಮಾಡೋಕೇನಿಲ್ಲ. 2014ರಲ್ಲಿ ಬಂದ ಇಎಫ್-ಎಸ್ 10-18 ಎಫ್ 4.5-5.6 ಐಎಸ್ ಎಸ್‌ಟಿಎಂ, ತೂಕ 240 ಗ್ರಾಂ, ಅಂದ್ರೆ ಕಾಲು ಕಿಲೋ ಸಕ್ಕರೆ ಪೊಟ್ಟಣಕ್ಕಿಂತ ಹಗುರ. ಬಿಡುಗಡೆ ಆದಾಗ ಅಮೆರಿಕದಲ್ಲಿ 299 ಡಾಲರ್ ಇಟ್ಟಿದ್ರು, ಅದಕ್ಕೆ ಮುಂಚೆ ಕ್ಯಾನನ್‌ನಲ್ಲಿ ಈ ಥರ ಬೇಕು ಅಂದ್ರೆ ಇದ್ದಿದ್ದು 2004ರ 10-22 ಒಂದೇ, ಅದರ ಬೆಲೆ ಇದರ ಎರಡು ಪಟ್ಟು. ಬೆಲೆ ಇಳಿಸೋಕೆ ಹಿಂದಿನ ಮೌಂಟ್ (ಕ್ಯಾಮೆರಾಗೆ ಕೂರೋ ಭಾಗ) ಪ್ಲಾಸ್ಟಿಕ್ಕಲ್ಲಿ ಮಾಡಿದಾರೆ, ಅದನ್ನ ನೋಡಿ ಕೆಲವರು ಮೂಗು ಮುರೀತಾರೆ, ಇಷ್ಟು ಹಗುರದ ಲೆನ್ಸಿಗೆ ಪ್ಲಾಸ್ಟಿಕ್ ಮೌಂಟ್ ಧಾರಾಳ ಸಾಕು, ನನ್ನದು ಘಟ್ಟ, ಕರಾವಳಿ ಎಲ್ಲಾ ಸುತ್ತಿ ಬಂದಿದೆ, ಅಲ್ಲಾಡಿಲ್ಲ. ಹಳೇ 10-22 ಸೆಕೆಂಡ್ ಹ್ಯಾಂಡಲ್ಲಿ ಸಿಗುತ್ತೆ, ಎಫ್ 3.5ರಿಂದ ಶುರು, ಫೋಕಸ್ ದೂರ ತೋರಿಸೋ ಕಿಟಕಿ ಇದೆ, ಆದ್ರೆ ಸ್ಟೆಬಿಲೈಸೇಶನ್ ಇಲ್ಲ. ಎರಡೂ ಒಂದೇ ಬೆಲೆಗೆ ಸಿಕ್ರೂ ನಾನು 10-18ನೇ ತಗೊಳ್ಳೋದು. ಒಂದು ಎಚ್ಚರಿಕೆ, ಇಎಫ್-ಎಸ್ ಲೆನ್ಸ್ ಕ್ಯಾನನ್ ಫುಲ್ ಫ್ರೇಮ್ ಡಿಎಸ್ಎಲ್ಆರ್‌ಗೆ ಕೂರೋದೇ ಇಲ್ಲ. ಮುಂದೆ ಆರ್50, ಆರ್10 ಥರದ, ಒಳಗೆ ಕನ್ನಡಿ ಇಲ್ಲದ ಮಿರರ್‌ಲೆಸ್‌ಗೆ ಹೋದ್ರೆ ಅಡಾಪ್ಟರ್ ಹಾಕಿ ಇದನ್ನೇ ಬಳಸ್ಬೋದು.

ನಿಕಾನ್‌ನವರು ಇಲ್ಲಿ ಸ್ವಲ್ಪ ನಿಧಾನ ಓದಿ, ದುಡ್ಡು ಹಾಳಾಗೋದು ಇಲ್ಲೇ. 2017ರಲ್ಲಿ ಬಂದ ಎಎಫ್-ಪಿ ಡಿಎಕ್ಸ್ 10-20 ಎಫ್ 4.5-5.6 ವಿಆರ್, 230 ಗ್ರಾಂ, ಕ್ಯಾನನ್ 10-18ಗೆ ಜೋಡಿ ಅಂತಾನೇ ಹೇಳ್ಬೋದು, ಬೆಲೆನೂ ಅದೇ ಆಸುಪಾಸು. ಆದ್ರೆ ಎಎಫ್-ಪಿ ಅನ್ನೋದು ಹೊಸ ಥರದ ಫೋಕಸ್ ಮೋಟರ್, ಹಳೇ ಕ್ಯಾಮೆರಾಗಳಿಗೆ ಅದರ ಭಾಷೆ ಅರ್ಥ ಆಗಲ್ಲ. ಡಿ90, ಡಿ3100, ಡಿ3200, ಡಿ5100, ಡಿ7000 ಇವುಗಳಲ್ಲಿ ಲೆನ್ಸ್ ಕೂರುತ್ತೆ, ಫೋಕಸ್ ಮಾತ್ರ ಆಗಲ್ಲ, ಕೈಯಲ್ಲಿ ರಿಂಗ್ ತಿರುಗಿಸಿದ್ರೂ ಆಗಲ್ಲ, ಯಾಕಂದ್ರೆ ಆ ರಿಂಗ್ ಕೂಡ ಮೋಟರಿಗೆ ಹೇಳಿ ಫೋಕಸ್ ಮಾಡಿಸೋದು. ಡಿ3300, ಡಿ5300, ಡಿ5500 ಇದ್ರೆ ಮೊದಲು ಕ್ಯಾಮೆರಾ ಒಳಗಿನ ಸಾಫ್ಟ್‌ವೇರ್, ಅಂದ್ರೆ ಫರ್ಮ್‌ವೇರ್ ಅಪ್‌ಡೇಟ್ ಮಾಡ್ಕೊಳ್ಳಿ. ಡಿ3400, ಡಿ3500, ಡಿ5600, ಡಿ7500 ಇದ್ರೆ ಏನೂ ತೊಂದ್ರೆ ಇಲ್ಲ. ಹಳೇ ಬಾಡಿ ಇರೋರು 2009ರ ಎಎಫ್-ಎಸ್ 10-24 ಎಫ್ 3.5-4.5 ಸೆಕೆಂಡ್ ಹ್ಯಾಂಡ್ ನೋಡಿ, ಅಥವಾ ಸಿಗ್ಮಾ 10-20, ಅದರೊಳಗೇ ಮೋಟರ್ ಇರುತ್ತೆ.

ಟೋಕಿನಾ 11-16ರಲ್ಲೂ ನಿಕಾನ್‌ನವರಿಗೆ ಇಂಥದ್ದೇ ಒಂದು ತೊಡಕಿದೆ. ಮೊದಲ ಮಾಡೆಲ್‌ನ ನಿಕಾನ್ ಮೌಂಟಲ್ಲಿ ಫೋಕಸ್ ಮೋಟರ್ ಇಲ್ಲ, ಕ್ಯಾಮೆರಾ ಬಾಡಿಯಲ್ಲಿ ಮೋಟರ್ ಇರ್ಬೇಕು. ಡಿ90, ಡಿ7000 ಸಾಲಿನಲ್ಲಿ ಇದೆ, ಡಿ3000 ಡಿ5000 ಸಾಲಿನಲ್ಲಿ ಇಲ್ಲ. ಹಂಗಾಗಿ ಡಿ5300 ಇರೋರು ಅಗ್ಗಕ್ಕೆ ಸಿಕ್ತು ಅಂತ ಮೊದಲ ಮಾಡೆಲ್ ತಗೋಬೇಡಿ, ಹೆಸರಿನ ಕೊನೇಲಿ ಡಿಎಕ್ಸ್ ಟು ಅಂತ ಇರೋ ಎರಡನೇ ಮಾಡೆಲ್‌ನಲ್ಲಿ ಮೋಟರ್ ಇದೆ, ಅದನ್ನೇ ಕೇಳಿ. ತೂಕ ಅರ್ಧ ಕಿಲೋ ದಾಟುತ್ತೆ, 1500ಡಿ ಥರದ ಪುಟ್ಟ ಬಾಡಿಗೆ ಹಾಕಿದ್ರೆ ಮುಂದಕ್ಕೆ ಜಗ್ಗುತ್ತೆ. ಎದುರು ಸೂರ್ಯ ಇದ್ರೆ ಫ್ಲೇರ್ (ಬೆಳಕಿನ ಚುಕ್ಕೆ, ಮಬ್ಬು) ಜಾಸ್ತಿ, ಕೊಂಬೆ ಅಂಚಲ್ಲಿ ನೇರಳೆ ಬಣ್ಣನೂ ಬರುತ್ತೆ, ಎಡಿಟಿಂಗಲ್ಲಿ ತೆಗೀಬೋದು. 2015ರಲ್ಲಿ ಬಂದ 11-20 ಎಫ್ 2.8ರಲ್ಲಿ ಝೂಮ್ ಸ್ವಲ್ಪ ಜಾಸ್ತಿ, ಫಿಲ್ಟರ್ ಮಾತ್ರ 82 ಎಂಎಂ, ಅಷ್ಟು ದೊಡ್ಡ ಫಿಲ್ಟರಿಗೆ ದುಡ್ಡು ಜಾಸ್ತಿ. ಟ್ಯಾಮ್ರಾನ್ 10-24 ವಿಸಿ 2017ರದ್ದು, 24ರ ತನಕ ಬರೋದ್ರಿಂದ ಪ್ರವಾಸದಲ್ಲಿ ಲೆನ್ಸ್ ಬದಲಿಸೋ ಗೋಜು ಕಮ್ಮಿ, ಸ್ಟೆಬಿಲೈಸೇಶನ್ನೂ ಇದೆ, ಒಳ್ಳೇ ಬೆಲೆಗೆ ಸಿಕ್ರೆ ಬಿಡ್ಬೇಡಿ. ಸಿಗ್ಮಾ 8-16 ಇನ್ನೂ ಅಗಲ, ಆದ್ರೆ ಮುಂದಿನ ಗಾಜು ಉಬ್ಬಿಕೊಂಡಿರೋದ್ರಿಂದ ಮಾಮೂಲಿ ಫಿಲ್ಟರ್ ಹಾಕೋಕಾಗಲ್ಲ, ಮೊದಲ ವೈಡ್ ಲೆನ್ಸ್ ಆಗಿ ಬೇಡ.

ಮಿರರ್‌ಲೆಸ್ ಕ್ರಾಪ್ ಇರೋರಿಗೆ ಬೇಗ ಹೇಳ್ತೀನಿ. ಕ್ಯಾನನ್ ಆರ್ಎಫ್-ಎಸ್ 10-18 ಬರೀ 150 ಗ್ರಾಂ, ಸ್ಟೆಬಿಲೈಸೇಶನ್ ಇದೆ, ಅದೇ ಸಾಕು. ನಿಕಾನ್ ಝಡ್50 ಸಾಲಿಗೆ 12-28 ಪವರ್ ಝೂಮ್ ಇದೆ, 12ರಿಂದ ಶುರು ಆಗೋದು ಒಂದು ಕೊರತೆ, ವಿಡಿಯೋ ಮಾಡೋರಿಗೆ ಚೆನ್ನಾಗಿದೆ. ಸೋನಿಗೆ 2012ರ 10-18 ಎಫ್ 4 ಓಎಸ್ಎಸ್ ಸೆಕೆಂಡ್ ಹ್ಯಾಂಡ್ ನೋಡಿ. ಟ್ಯಾಮ್ರಾನ್ 11-20 ಎಫ್ 2.8, ಸಿಗ್ಮಾ 10-18 ಎಫ್ 2.8 ಎರಡೂ ತುಂಬಾ ಒಳ್ಳೇವು, ಎರಡರಲ್ಲೂ ಲೆನ್ಸ್ ಸ್ಟೆಬಿಲೈಸೇಶನ್ ಇಲ್ಲ, ಎ6000, ಎ6400 ಬಾಡಿಗಳಲ್ಲೂ ಇಲ್ಲ, ಅದು ತಲೇಲಿರ್ಲಿ.

ಸೆಕೆಂಡ್ ಹ್ಯಾಂಡ್ ತಗೊಳ್ಳೋದು ಹೇಗೆ ಅನ್ನೋದಕ್ಕೆ ಸ್ವಲ್ಪ ಜಾಸ್ತಿ ಜಾಗ ಕೊಡ್ತೀನಿ, ಯಾಕಂದ್ರೆ ಜನ ಡಿಎಸ್ಎಲ್ಆರ್ ಬಿಟ್ಟು ಮಿರರ್‌ಲೆಸ್‌ಗೆ ಹೋಗ್ತಿರೋದ್ರಿಂದ ಒಳ್ಳೊಳ್ಳೇ ಲೆನ್ಸ್ ಮಾರಾಟಕ್ಕೆ ಬರ್ತಿವೆ, ಜೊತೆಗೆ ಬೂಷ್ಟು ಹಿಡಿದವೂ ಬರ್ತಿವೆ. ಹಿಂದೆ ಒಂದು ಸಲ ಬೇರೆ ಲೆನ್ಸ್ ಒಂದನ್ನ ಒಬ್ಬರ ಹತ್ರ ಫೋಟೋ ನೋಡಿ ದುಡ್ಡು ಕಳಿಸಿ ತರಿಸ್ಕೊಂಡಿದ್ದೆ, ನೇರ ನೋಡಿದ್ರೆ ಪಳಪಳ, ಟಾರ್ಚ್ ಓರೆಯಾಗಿ ಬಿಟ್ಟಾಗ ಒಳಗಿನ ಗಾಜಿನ ಅಂಚಲ್ಲಿ ಜೇಡರ ಬಲೆ ಥರ ಬಿಳಿ ಎಳೆ ಕಾಣಿಸ್ತು. ಫಂಗಸ್. ವಾಪಸ್ ತಗೊಳ್ಳಲ್ಲ ಅಂದ್ರು, ಕ್ಲೀನ್ ಮಾಡ್ಸೋಕೆ ಲೆನ್ಸಿನ ಅರ್ಧ ಬೆಲೆ ಆಯ್ತು. ಅವತ್ತಿಂದ ಕೈಯಲ್ಲಿ ಹಿಡ್ದು ನೋಡದೆ ತಗೊಳ್ಳಲ್ಲ. ಫೋನಿನ ಟಾರ್ಚನ್ನ ಲೆನ್ಸಿನ ಹಿಂದಿಂದ ಓರೆಯಾಗಿ ಹಾಯಿಸಿ, ಮುಂದಿಂದ ನೋಡ್ತಾ ನಿಧಾನಕ್ಕೆ ಲೆನ್ಸ್ ತಿರುಗಿಸಿ. ನಾಲ್ಕು ಧೂಳಿನ ಚುಕ್ಕೆ ಇದ್ರೆ ಪರ್ವಾಗಿಲ್ಲ, ಅದು ಫೋಟೋದಲ್ಲಿ ಬರಲ್ಲ. ಎಳೆ ಎಳೆ ಕಂಡ್ರೆ, ಮಂಜು ಹಿಡಿದಂಗಿದ್ರೆ, ಕೈ ಮುಗಿದು ಬಂದುಬಿಡಿ.

ಆಮೇಲೆ ನಿಮ್ಮ ಕ್ಯಾಮೆರಾಗೇ ಹಾಕಿ ನೋಡಿ. ಬರುವಾಗ ಒಂದು ನ್ಯೂಸ್‌ಪೇಪರ್ ತಗೊಂಡು ಬನ್ನಿ, ಪೂರ್ತಿ ಬಿಚ್ಚಿ ಗೋಡೆಗೆ ಅಂಟಿಸಿ, ಇಲ್ಲ ಇಟ್ಟಿಗೆ ಗೋಡೆ ಇದ್ರೆ ಇನ್ನೂ ಒಳ್ಳೇದು. ಗೋಡೆಗೆ ನೇರವಾಗಿ ಕ್ಯಾಮೆರಾ ಹಿಡ್ದು 10 ಎಂಎಂ, ಎಫ್ 5.6ರಲ್ಲಿ ಒಂದು, ಎಫ್ 8ರಲ್ಲಿ ಒಂದು ತೆಗೀರಿ, ಸ್ಕ್ರೀನಲ್ಲಿ ಝೂಮ್ ಮಾಡಿ ನಾಲ್ಕೂ ಮೂಲೆ ನೋಡಿ. ವೈಡ್ ಲೆನ್ಸಲ್ಲಿ ಮೂಲೆ ಮಧ್ಯಕ್ಕಿಂತ ಸ್ವಲ್ಪ ಮಸುಕು ಇರೋದು ಸಹಜ, ಆದ್ರೆ ನಾಲ್ಕೂ ಮೂಲೆ ಒಂದೇ ಥರ ಮಸುಕಿರ್ಬೇಕು. ಎಡ ಚೆನ್ನಾಗಿದ್ದು ಬಲ ಮಾತ್ರ ಕಲಸಿದಂಗಿದ್ರೆ ಒಳಗಿನ ಗಾಜು ಜಾಗ ತಪ್ಪಿದೆ, ಬಿದ್ದಿರ್ಬೋದು, ಆ ಲೆನ್ಸ್ ಬೇಡ. ಇದೇ ಪರೀಕ್ಷೆನ ಹೊಸ ಲೆನ್ಸಿಗೂ ಮಾಡಿ, ವಾಪಸ್ ಕೊಡೋ ದಿನ ಮುಗಿಯೋ ಒಳಗೆ. ಝೂಮ್ ರಿಂಗ್ ಎಲ್ಲೂ ಸಿಕ್ಕಿಹಾಕ್ಕೊಳ್ದೆ ತಿರುಗ್ಬೇಕು, ಹಿಂದಿನ ಚಿನ್ನದ ಬಣ್ಣದ ಕಾಂಟ್ಯಾಕ್ಟ್ ಸವೆದಿರ್ಬಾರ್ದು, ಫಿಲ್ಟರ್ ದಾರ ಸೊಟ್ಟ ಆಗಿದ್ರೆ ಲೆನ್ಸ್ ಬಿದ್ದಿರೋ ಗುರುತು. ಸ್ಟೆಬಿಲೈಸೇಶನ್ ನೋಡೋಕೆ 1/4 ಸೆಕೆಂಡ್ ಇಟ್ಟು ಆನ್ ಮಾಡಿ ಐದು, ಆಫ್ ಮಾಡಿ ಐದು ತೆಗೀರಿ. ವ್ಯತ್ಯಾಸ ಕಾಣದಿದ್ರೆ ಅದು ಕೆಟ್ಟಿದೆ.

ಮಲೆನಾಡು, ಕರಾವಳಿ ಕಡೆ ಇರೋರು ಲೆನ್ಸ್ ತಂದ ದಿನಾನೇ ಒಂದು ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಸಿಲಿಕಾ ಜೆಲ್, ಒಂದು ಪುಟ್ಟ ತೇವಾಂಶ ಮೀಟರ್ ತನ್ನಿ. ಡಬ್ಬದೊಳಗೆ 40ರಿಂದ 50 ಪರ್ಸೆಂಟ್ ಇದ್ರೆ ಸಾಕು. ಮಳೆಗಾಲದಲ್ಲಿ ಕ್ಯಾಮೆರಾ ಬ್ಯಾಗಲ್ಲೇ ಮುಚ್ಚಿಟ್ರೆ ದಸರಾ ಹೊತ್ತಿಗೆ ಬೂಷ್ಟು ಗ್ಯಾರಂಟಿ.

ಬೇರೆ ಏನು ತಗೋಬೇಕು ಅಂದ್ರೆ, ಹುಡ್ (ಪಕ್ಕದಿಂದ ಬರೋ ಬೆಳಕು ತಡೆಯೋಕೆ ಲೆನ್ಸಿನ ಮುಂದೆ ಹಾಕೋದು) ತಗೊಳ್ಳಿ. ಕ್ಯಾನನ್ 10-18 ಜೊತೆ ಅದು ಬರಲ್ಲ, ಬೇರೆ ತಗೋಬೇಕು. ಪೊಲರೈಸರ್ ಫಿಲ್ಟರ್ ಎಲೆ, ನೀರು, ಒದ್ದೆ ಬಂಡೆಗೆ ಒಳ್ಳೇದು, ಆದ್ರೆ 10 ಎಂಎಂನಲ್ಲಿ ನೀಲಿ ಆಕಾಶ ಇರೋ ಫೋಟೋಗೆ ಹಾಕ್ಬೇಡಿ, ಆಕಾಶದ ಒಂದು ಭಾಗ ಕಡುನೀಲಿ, ಪಕ್ಕದ ಭಾಗ ತಿಳಿ, ಪಟ್ಟೆ ಪಟ್ಟೆ ಬರುತ್ತೆ. ಕ್ಯಾಮೆರಾ ಮೇಲಿನ ಪುಟ್ಟ ಫ್ಲ್ಯಾಶ್ ಈ ಲೆನ್ಸ್ ಜೊತೆ ಬಳಸ್ಬೇಡಿ, ಅದರ ಬೆಳಕು ಇಷ್ಟು ಅಗಲಕ್ಕೆ ಹರಡಲ್ಲ, ಕೆಳಗೆ ಲೆನ್ಸಿನ ನೆರಳು ಅರ್ಧಚಂದ್ರ ಥರ ಬೀಳುತ್ತೆ. ಕಿಟ್ ಲೆನ್ಸಿನ ಮುಂದೆ ತಿರುಪಿ ಹಾಕೋ 0.45 ವೈಡ್ ಕನ್ವರ್ಟರ್ ಅಂತ ಸಾವಿರ ರೂಪಾಯಿಗೆ ಮಾರ್ತಾರೆ, ಅದನ್ನ ದಯವಿಟ್ಟು ತಗೋಬೇಡಿ, ಅಂಚೆಲ್ಲಾ ಕಲಸಿಹೋಗುತ್ತೆ.

ಲೆನ್ಸ್ ಬಂದ ಮೇಲೆ ಎಲ್ರೂ ಮಾಡೋ ತಪ್ಪು ಒಂದಿದೆ, ಎಲ್ಲಾ ಹಿಡಿಯುತ್ತೆ ಅಂತ ದೂರ ನಿಂತು ಎಲ್ಲಾನೂ ತುಂಬ್ಸೋದು. ಜೋಗಕ್ಕೆ ಹೋಗಿ ವ್ಯೂ ಪಾಯಿಂಟಲ್ಲಿ ನಿಂತು 10 ಎಂಎಂನಲ್ಲಿ ತೆಗೆದು ನೋಡಿ, 253 ಮೀಟರ್ ಎತ್ತರದಿಂದ ಬೀಳೋ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಸೇರಿ ಬಿಳಿ ದಾರದ ಎಳೆ ಥರ ಕಾಣ್ತವೆ, ಉಳಿದಿದ್ದೆಲ್ಲಾ ಬಂಡೆ ಮತ್ತೆ ಖಾಲಿ ಆಕಾಶ. ಅಲ್ಲಿ ಕಿಟ್ ಲೆನ್ಸೇ ಒಳ್ಳೇದು. ವೈಡ್ ಲೆನ್ಸ್ ಇರೋದು ಹತ್ತಿರ ಹೋಗೋಕೆ. ಕ್ಯಾನನ್ನು, ನಿಕಾನ್ನು ಎರಡೂ 22 ಸೆಂಟಿಮೀಟರ್ ತನಕ ಫೋಕಸ್ ಮಾಡ್ತವೆ, ಅಂದ್ರೆ ಒಂದು ಗೇಣು. ಗದ್ದೆ ಬದು ಮೇಲೆ ಮೊಣಕಾಲೂರಿ ಒಂದು ತೆನೆ ಹತ್ರ ಲೆನ್ಸ್ ಹಿಡೀರಿ, ತೆನೆ ದೊಡ್ಡದಾಗಿ, ಹಿಂದೆ ಪೂರ್ತಿ ಗದ್ದೆ, ಅದರ ಹಿಂದೆ ಗುಡ್ಡ. ಮುಂದೆ ಏನೂ ಇಲ್ದಿದ್ರೆ ಈ ಲೆನ್ಸ್ ತೆಗೆಯೋ ಫೋಟೋ ಸಪ್ಪೆ.

ಕಟ್ಟಡ ತೆಗೆಯುವಾಗ ಕ್ಯಾಮೆರಾನ ಮೇಲಕ್ಕೆ ಎತ್ತಿದ್ರೆ ಗೋಪುರ ಹಿಂದಕ್ಕೆ ವಾಲಿದಂಗೆ ಬರುತ್ತೆ, ಕ್ಯಾಮೆರಾ ನೆಟ್ಟಗಿದ್ರೆ ಗೆರೆಗಳೂ ನೆಟ್ಟಗೆ. ನೆಟ್ಟಗೆ ಹಿಡ್ದು ತೆಗೆದು ಕೆಳಗಿನ ನೆಲ ಆಮೇಲೆ ಕ್ರಾಪ್ ಮಾಡಿ. ಮನೆ ಒಳಗೆ ತೆಗೆಯುವಾಗ ಎದೆ ಎತ್ತರಕ್ಕೆ ಕ್ಯಾಮೆರಾ ಇಟ್ರೆ ನೆಲ, ಸೂರು ಎರಡೂ ಸಮ ಬರುತ್ತೆ, ಹೋಮ್‌ಸ್ಟೇ ನಡೆಸೋರು ರೂಮಿನ ಫೋಟೋ ತೆಗೆಯೋಕೆ ಇದಿಷ್ಟು ತಿಳ್ಕೊಂಡ್ರೆ ಸಾಕು. ಜನರ ಗುಂಪು ಇದ್ರೆ ಯಾರನ್ನೂ ಅಂಚಲ್ಲಿ ನಿಲ್ಲಿಸ್ಬೇಡಿ, ಅಂಚಲ್ಲಿರೋರ ಮುಖ ಅಡ್ಡಕ್ಕೆ ಎಳೆದಂಗೆ ಬರುತ್ತೆ, ತೋಳು ದಪ್ಪ ಕಾಣುತ್ತೆ, ನೋಡಿ ಬೇಜಾರು ಮಾಡ್ಕೋತಾರೆ. ಮದುವೆ ಮನೆಯಲ್ಲಿ ಗುಂಪು ಫೋಟೋಗೆ ಜಾಗ ಇದ್ರೆ 18ಕ್ಕೇ ಬನ್ನಿ, ಜಾಗ ಇಲ್ದಿದ್ರೆ ಎರಡು ಸಾಲು ಮಾಡಿಸಿ ಎರಡೂ ಕಡೆ ಖಾಲಿ ಬಿಡಿ.

ಕೊನೇಗೆ ಟ್ರೈಪಾಡ್ ಬಿಡದ ಜಾಗದಲ್ಲಿ ನನಗೆ ತುಂಬಾ ಇಷ್ಟವಾದ ಒಂದು ವಿಧಾನ. ಸೋಮನಾಥಪುರದ ಕೇಶವ ದೇವಾಲಯ, 1258ರದ್ದು, ಒಳಗೆ ಮೇಲ್ಛಾವಣಿ ನೋಡಿ, ಬಾಳೆ ಮೊಗ್ಗಿನ ಥರ ಕೆತ್ತಿದಾರೆ, ಒಂದೊಂದು ಅಂಕಣದ್ದೂ ಬೇರೆ. ಕತ್ತು ಎತ್ತಿ ಕ್ಯಾಮೆರಾ ಮೇಲೆ ಮಾಡಿ ತೆಗೆದ್ರೆ ಕೈ ನಡುಗುತ್ತೆ, ಮಧ್ಯನೂ ಸಿಗಲ್ಲ. ಜನ ಕಮ್ಮಿ ಇರೋ ಹೊತ್ತಲ್ಲಿ ಹೋಗಿ, ಬೆಳಿಗ್ಗೆ ಬಾಗಿಲು ತೆಗೆದ ತಕ್ಷಣ ಆದ್ರೆ ಇನ್ನೂ ಒಳ್ಳೇದು. ಟವೆಲ್ ನಾಲ್ಕು ಮಡಿಕೆ ಮಾಡಿ ಅಂಕಣದ ಸರಿ ಮಧ್ಯಕ್ಕೆ ನೆಲದ ಮೇಲೆ ಹಾಕಿ, ಅದರ ಮೇಲೆ ಕ್ಯಾಮೆರಾನ ಮಲಗಿಸಿ, ಲೆನ್ಸ್ ಮೇಲ್ಮುಖ. 10 ಎಂಎಂ, ಎಫ್ 8, ಐಎಸ್ಒ 100, ಸ್ಟೆಬಿಲೈಸೇಶನ್ ಆಫ್, ಎರಡು ಸೆಕೆಂಡ್ ಟೈಮರ್ ಹಾಕಿ ಬಟನ್ ಒತ್ತಿ ಫ್ರೇಮಿಂದ ಹೊರಗೆ ಸರೀರಿ, ಇಷ್ಟು ಅಗಲದ ಲೆನ್ಸಿಗೆ ಪಕ್ಕದಲ್ಲಿ ಬಗ್ಗಿ ನಿಂತಿರೋರ ತಲೆನೂ ಬರುತ್ತೆ. ನಾಲ್ಕೈದು ಸೆಕೆಂಡ್ ಶಟರ್ ತೆರೆದಿರುತ್ತೆ, ಯಾರೂ ಆ ಕಡೆ ಬರದಂಗೆ ನೋಡ್ಕೊಳ್ಳಿ. ಆಮೇಲೆ ಸ್ಕ್ರೀನಲ್ಲಿ ನೋಡಿ, ಮೊಗ್ಗು ಸರಿ ಮಧ್ಯಕ್ಕೆ ಬಂದಿಲ್ಲ ಅಂದ್ರೆ ಟವೆಲ್ಲನ್ನ ಒಂದೆರಡು ಇಂಚು ಸರಿಸಿ ಮತ್ತೆ ತೆಗೀರಿ, ನನಗೆ ಮೂರು ನಾಲ್ಕು ಸಲ ಬೇಕಾಗುತ್ತೆ ಸರಿ ಕೂರೋಕೆ.